ಅಪ್‌ಡೇಟ್: ಕೊನೆಗೂ ಸಿಂಥ್ ತಗೊಂಡೆ

ಸಿಂಥ್ ಅಂದರೆ ಸಿಂಥಸೈಜರ್, ನಾಬ್ ತಿರುಗಿಸಿ ಸೌಂಡ್ ನಾವೇ ರೂಪಿಸಿಕೊಳ್ಳುವ ಕೀಬೋರ್ಡ್. ಕಾರ್ಗ್ ಮಿನಿಲಾಗ್ ತಗೊಳ್ಳೋದಾ, ಆರ್ಟೂರಿಯಾ ಮಿನಿಬ್ರೂಟ್ 2 ತಗೊಳ್ಳೋದಾ ಅಂತ ಕೇಳಿದ್ದೆನಲ್ಲ, ಮಿನಿಬ್ರೂಟ್ ತಗೊಂಡೆ. ತುಮಕೂರಿನಲ್ಲಿ ನುಡಿಸಿ ನೋಡೋಕೆ ಎರಡೂ ಸಿಗಲಿಲ್ಲ, ಬೆಂಗಳೂರಿಗೆ ಹೋಗಬೇಕಾಯಿತು.

ಮಿನಿಲಾಗ್‌ನಲ್ಲಿ ಒಟ್ಟಿಗೆ 4 ಸ್ವರ ಬರುತ್ತವೆ, ಕಾರ್ಡ್ಸ್ (ಹಲವು ಸ್ವರ ಒಟ್ಟಿಗೆ ಒತ್ತೋದು) ಹಿಡಿಯುವವರಿಗೆ ಅದೇ ಸರಿ. ಆದರೆ ಕೀಗಳು ಸಣ್ಣವು, ಹಾರ್ಮೋನಿಯಂ ಅಭ್ಯಾಸದ ನನ್ನ ಬೆರಳು ಪಕ್ಕದ ಕೀಗೆ ಜಾರುತ್ತಿತ್ತು. ಮಿನಿಬ್ರೂಟ್‌ನಲ್ಲಿ 25 ಕೀ ಅಷ್ಟೇ, ಒಂದು ಸಲಕ್ಕೆ ಒಂದೇ ಸ್ವರ, ಆದರೆ ಕೀ ಪೂರ್ತಿ ಅಳತೆಯದು, ಒತ್ತಿದ ಮೇಲೂ ಇನ್ನಷ್ಟು ಅದುಮಿದರೆ ಫಿಲ್ಟರ್ ತೆರೆದುಕೊಂಡು ಸೌಂಡ್ ಇನ್ನಷ್ಟು ಚುರುಕಾಗುವ ಹಾಗೆ ಮಾಡಬಹುದು. ಎಡಗೈಯನ್ನು ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಕ್ರ) ಮೇಲಿಟ್ಟು ಗಾಂಧಾರವನ್ನು ಮೆಲ್ಲಗೆ ಎಳೆದಾಗ ಅಂಗಡಿಯಲ್ಲೇ ಮನಸ್ಸು ಮಾಡಿಬಿಟ್ಟೆ. ನಾನು ನುಡಿಸೋದು ಭಾವಗೀತೆಯ ನಡುವಿನ ಬಿಡಿ ಸಾಲುಗಳು, ಕಾರ್ಡ್ಸ್‌ಗೆ ಹಳೆ ಕೀಬೋರ್ಡ್ ಇದ್ದೇ ಇದೆ ಅಲ್ವಾ.

ತೊಂದರೆಯೂ ಇದೆ. ಸೌಂಡ್ ಉಳಿಸಿಡೋಕೆ ಮೆಮೊರಿ ಇಲ್ಲ, ನಾಬ್‌ಗಳ ಫೋಟೋ ಫೋನಲ್ಲಿ ತೆಗೆದಿಟ್ಟು ಮತ್ತೆ ಹಾಗೇ ತಿರುಗಿಸಬೇಕು. ಆನ್ ಮಾಡಿದ ತಕ್ಷಣ ಶ್ರುತಿ ಆಚೀಚೆ ಜಾರುತ್ತೆ, ಬಿಸಿಯಾಗಲು ಸ್ವಲ್ಪ ಹೊತ್ತು ಬಿಡಿ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಾಡಿಗೊಂದು ಸೌಂಡ್ ಬದಲಿಸುವವರು ಸುಮ್ನೆ ಮಿನಿಲಾಗ್ ತಗೊಳ್ಳಿ, ಅದರಲ್ಲಿ ಸೌಂಡ್ ಉಳಿಸಿಡಬಹುದು.