ಅಕ್ಕಾ, ಆ ಲಿಂಕ್ ಒತ್ತಬೇಡ

ಅಕ್ಕಾ, ನಿನ್ನ ಮೆಸೇಜ್ ಈಗ ನೋಡ್ದೆ. ಪುಟ್ಟ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಬೇಕು ಅಂತ ಹಠ ಹಿಡಿದಿದಾನೆ, ಯಾರೋ ಫ್ರೀ ಸೈಟಿನ ಲಿಂಕ್ ಕಳ್ಸಿದಾರೆ, ಓದಿಸ್ಲಾ ಅಂತ ಕೇಳಿದೀಯಲ್ಲ, ಬೇಡ ಮಾರಾಯ್ತಿ. ಒಂದು ಕಾಲದಲ್ಲಿ ನಾನೂ ಅಂಥದ್ರಲ್ಲೇ ಓದ್ತಿದ್ದೆ. ಪುಟ ತಿರುಗ್ಸೋಕೆ ಒತ್ತಿದ್ರೆ ಇನ್ನೇನೋ ತೆರ್ಕೊಂಡು 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅನ್ನೋದು. ಅದನ್ನ ಮುಚ್ಚಿ ವಾಪಸ್ ಬಂದ್ರೆ, ಹೊಡೆದಾಟದ ಎರಡು ಪುಟಾನೇ ನಾಪತ್ತೆ! ಬರೆದೋರಿಗೂ ಚಿತ್ರ ಬಿಡಿಸಿದೋರಿಗೂ ಬಿಡಿಗಾಸು ಹೋಗಲ್ಲ, ಅದು ಬೇರೆ.

ಸ್ಪೈಡರ್‌ಮ್ಯಾನಿಗೆ ಅವನ ಕಾಮಿಕ್ಸ್ ತರೋ ಮಾರ್ವೆಲ್ ಕಂಪನಿಯದೇ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್ ಒಂದೇ ಸಾಕು. ಈ ಸೇವೆ 2007ರಿಂದ ನಡೀತಿದೆ, 30,000ಕ್ಕೂ ಜಾಸ್ತಿ ಸಂಚಿಕೆ ಇದಾವೆ. ಅವನು ಮೊದಲು ಕಾಣಿಸ್ಕೊಂಡ 1962ರ ಸಂಚಿಕೇನೂ ಇದೆ. ಹೊಸವು ಮಾತ್ರ ಅಂಗಡಿಗೆ ಬಂದು ಮೂರು ತಿಂಗಳಾದ್ಮೇಲೆ ಇಲ್ಲಿಗೆ ಬರ್ತಾವೆ. ಈಗ ಶುರು ಮಾಡೋನಿಗೆ ಅದೇನು ಮಹಾ, 60 ವರ್ಷದ ರಾಶಿ ಬಿದ್ದಿದೆ! ವರ್ಷದ ಚಂದಾಕ್ಕೆ ಕೈ ಹಾಕಬೇಡ. ರಜೆ ಬರ್ಲಿ, ಒಂದು ತಿಂಗಳಿಗೆ ಕಟ್ಟು, ಆಟೋ ರಿನ್ಯೂವಲ್ ಮರೀದೆ ಆಫ್ ಮಾಡು. ನಾನು ಮರೆತು ಮೂರು ತಿಂಗಳು ಸುಮ್ಮನೆ ದಂಡ ಕಟ್ಟಿದೀನಿ. ಹಾಂ, ಫೋನಲ್ಲಿ ಅಕ್ಷರ ಇರುವೆ ಸಾಲಿನ ಥರ ಕಾಣುತ್ತೆ. ಸ್ಮಾರ್ಟ್ ಪ್ಯಾನೆಲ್ ಅಂತ ಇದೆ, ಆನ್ ಮಾಡಿದ್ರೆ ಒಂದೊಂದೇ ಚೌಕ ಪರದೆ ತುಂಬಾ ಬರುತ್ತೆ.

ಬ್ಯಾಟ್‌ಮ್ಯಾನ್ ಕೇಳಿದ್ರೆ ವೆಬ್‌ಟೂನ್ ಅನ್ನೋ ಕಾಮಿಕ್ಸ್ ಆ್ಯಪಲ್ಲಿ 'ವೇಯ್ನ್ ಫ್ಯಾಮಿಲಿ ಅಡ್ವೆಂಚರ್ಸ್' ಇದೆ, 2021ರಲ್ಲಿ ಶುರುವಾಗಿದ್ದು. ಕಾಸು ಕೊಡದೇ ಓದಬಹುದು. ಹೊಡೆದಾಟಕ್ಕಿಂತ ಮನೆಮಂದಿ ಜಗಳಾನೇ ಜಾಸ್ತಿ, ನಮ್ಮ ಈ ಗ್ರೂಪ್ ಥರಾನೇ. ಹಾಗೇ ನಿನ್ನ ಲೈಬ್ರರಿ ಕಾರ್ಡ್ ಲಿಬ್ಬಿ ಇಲ್ಲಾ ಹೂಪ್ಲಾ ಅನ್ನೋ, ಲೈಬ್ರರಿ ಪುಸ್ತಕ ಫೋನಲ್ಲೇ ಓದೋ ಆ್ಯಪಲ್ಲಿ ನಡೆಯುತ್ತಾ ಕೇಳಿ ನೋಡು, ನಡೆದ್ರೆ ಅಲ್ಲೂ ಪುಕ್ಕಟೆ.

ನಂಗಂತೂ ಇಷ್ಟ ಆಗೋದು ಡಿಜಿಟಲ್ ಕಾಮಿಕ್ ಮ್ಯೂಸಿಯಂ ಅನ್ನೋ ವೆಬ್‌ಸೈಟ್. ಅಮೆರಿಕದಲ್ಲಿ ಆಗ 28 ವರ್ಷಕ್ಕೆ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು, ಎಷ್ಟೋ ಪ್ರಕಾಶಕರು ಮಾಡ್ಲೇ ಇಲ್ಲ. ಹಾಗೆ ಹಕ್ಕು ಮುಗಿದುಹೋದ 1940-50ರ ದಶಕದ ಕಾಮಿಕ್ಸ್ ಅಲ್ಲಿ ಯಾರು ಬೇಕಾದ್ರೂ ಇಳಿಸ್ಕೋಬಹುದು. ಡೇರ್‌ಡೆವಿಲ್ ಅಂತ ಒಬ್ಬ ಸಿಗ್ತಾನೆ, ಮಾರ್ವೆಲಿನವನಲ್ಲ, 1940ರವನು, ಬೂಮರಾಂಗ್ ಬೀಸೋನು. ಪುಟ್ಟಂಗೆ ತೋರ್ಸು, ತಲೆ ಕೆಡಿಸ್ಕೊಳ್ತಾನೆ.

ಸರಿ, ಸ್ಪೈಡರ್‌ಮ್ಯಾನ್ ಆದೋರು ಒಬ್ಬರಲ್ಲ, ಅವನಿಗೆ ಬೇಕಾಗಿರೋದು ಹಳೇ ಪೀಟರ್ ಪಾರ್ಕರಾ, ಆಮೇಲೆ ಬಂದ ಮೈಲ್ಸ್ ಮೊರಾಲೆಸಾ ಕೇಳಿ ಹೇಳು. ಮೈಲ್ಸ್ ಬಂದಿದ್ದು 2011ರಲ್ಲಿ, ಅವನ ಕಥೆ ಓದೋಕೆ ಹಳೇದೆಲ್ಲ ಗೊತ್ತಿರಬೇಕು ಅಂತಿಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ರಾತ್ರಿ ಕಳಿಸ್ತೀನಿ.