ಮೇ ಕೊನೆಯ ವಾರಾಂತ್ಯ, ಬೆಂಗಳೂರು: ನೆಂಟರನ್ನು ಎಲ್ಲಿ ಸುತ್ತಾಡಿಸಿದಿರಿ? ಅನುಭವ ಇದ್ದವರು ಹೇಳಿ

ಬನಶಂಕರಿ ಬಾಡಿಗೆಮನೆ:
ಮೇ ಕೊನೆಯ ಶನಿವಾರ, ಭಾನುವಾರ ಹುಬ್ಬಳ್ಳಿಯಿಂದ ಅಕ್ಕ, ಭಾವ, ಇಬ್ಬರು ಮಕ್ಕಳು ಬರುತ್ತಿದ್ದಾರೆ. ಜೊತೆಗೆ ಅಕ್ಕನ ಅತ್ತೆ, ಅವರಿಗೆ ಮಂಡಿ ನೋವು. ನಮ್ಮ ಹತ್ತಿರ ಕಾರಿಲ್ಲ. ಮಾಲ್ ಬೇಡವಂತೆ. ಒಂದು ನಾಟಕವೋ ಚಿತ್ರಕಲೆಯೋ, ಒಳ್ಳೆ ತಿಂಡಿ, ಸ್ವಲ್ಪ ಹಸಿರು. ಎರಡು ದಿನಕ್ಕೆ ಐದು ಸಾವಿರ ದಾಟಬಾರದು. ನೀವು ಹೇಗೆ ಮಾಡಿದಿರಿ?

ರಸಪುರಿ ಪಾರ್ಟಿ:
ಲಾಲ್‌ಬಾಗ್ ಮಾವಿನ ಮೇಳ. ಬೇರೆ ಮಾತೇ ಇಲ್ಲ. ದಿನಾಂಕ ಮಾತ್ರ ನೋಡಿಕೊಳ್ಳಿ, ಫಸಲು ತಡವಾದರೆ ಮೇಳವೂ ತಡ. ಕಳೆದ ಸಲ ನಾನು ಮೂರು ಕೆ.ಜಿ. ಬಾದಾಮಿ 420 ರೂ., ಐದು ಕೆ.ಜಿ. ರಸಪುರಿ 500 ರೂ., ಮಲ್ಲಿಕಾ ಎರಡು ಕೆ.ಜಿ. 260 ರೂ. ಕೊಟ್ಟು ತಂದೆ. ಚೌಕಾಸಿ ಮಾಡಲಿಲ್ಲ. ಬೆಳೆದವರೇ ಎದುರಿಗೆ ನಿಂತಿರುವಾಗ ಹತ್ತು ರೂಪಾಯಿಗೆ ಜಗ್ಗಾಡುವುದು ನನಗೆ ಆಗುವುದಿಲ್ಲ. ಆಮೇಲೆ ಪಶ್ಚಿಮ ಗೇಟಿನ ಕಡೆ ನಡೆಯುವಾಗ ಚೀಲದ ಹಿಡಿ ಕಿತ್ತು ಬಂತು. ರಸಪುರಿ ಒಂದಷ್ಟು ಉರುಳಿ ಅಪ್ಪಚ್ಚಿ. ಹೊಸ ಚೀಲ 40 ರೂ. ಮನೆಗೆ ಬಂದು ಬಾದಾಮಿ ಮುಟ್ಟಿದರೆ ಕಲ್ಲು. ಹುಲ್ಲಿನಲ್ಲಿ ಹಾಕಿ ಕಾಯಬೇಕಾಯಿತು. ಆದರೂ ಆ ರುಚಿ ಗಾಡಿ ಹಣ್ಣಿಗೆ ಬರುವುದಿಲ್ಲ, ಬಿಡಿ.

ಗಾಡಿ ಗಿರಾಕಿ:
ಬರುವುದಿಲ್ಲ ಅಂತ ಯಾರು ಹೇಳಿದರು? ನಮ್ಮ ಬೀದಿಯ ಗಾಡಿಯವನು ಅದೇ ರಸಪುರಿಯನ್ನು 80ಕ್ಕೆ ಕೊಡುತ್ತಾನೆ. ಮನೆ ಬಾಗಿಲಿಗೆ. ನಿಮ್ಮದು ಕೆ.ಜಿ.ಗೆ 100, ಮೇಲೆ ಚೀಲದ 40, ಅಪ್ಪಚ್ಚಿ ಆಗಿದ್ದು ಬೇರೆ. ಲೆಕ್ಕ ಹಾಕಿ ನೋಡಿ ಸ್ವಾಮಿ.

ರಸಪುರಿ ಪಾರ್ಟಿ:
ನಿಮ್ಮ 80 ರೂಪಾಯಿಯಲ್ಲಿ, ಕಾಯಿ ಬೇಗ ಹಣ್ಣಾಗಲಿ ಅಂತ ಇಡುವ ಕಾರ್ಬೈಡ್ ಎಷ್ಟು ಗ್ರಾಂ ಅಂತ ಕೇಳಿದ್ದೀರಾ?

ಗಾಡಿ ಗಿರಾಕಿ:
ಗಾಡಿಯಲ್ಲಿ ಇರುವುದೆಲ್ಲ ಕಾರ್ಬೈಡ್ ಅನ್ನುವುದು ಸೊಕ್ಕಿನ ಮಾತು. ಕಾರ್ಬೈಡ್‌ಗೆ ಕಾನೂನಿನಲ್ಲೇ ನಿಷೇಧ ಇದೆ. ಎಥಿಲಿನ್ ಅನಿಲದಲ್ಲಿ ಹಣ್ಣು ಮಾಡಲು ಅನುಮತಿಯೂ ಇದೆ. ತಿಳಿದು ಮಾತಾಡಿ.

ರಸಪುರಿ ಪಾರ್ಟಿ:
ನಿಷೇಧ ಇದ್ದ ಮಾತ್ರಕ್ಕೆ ನಿಂತುಹೋಯಿತಾ? ಫುಟ್‌ಪಾತ್ ಮೇಲೆ ಬೈಕ್ ಓಡಿಸುವುದಕ್ಕೂ ನಿಷೇಧ ಇದೆ.

ಯಲಹಂಕದಿಂದ:
ಮಾವು ಬಿಡಿ, ನಾಟಕದ ಸುದ್ದಿ ಕೇಳಿ. ರಂಗಶಂಕರ, ಭಾನುವಾರ ಮಧ್ಯಾಹ್ನ 3.30ರ ಆಟ. ನಾಲ್ಕು ಟಿಕೆಟ್, ತಲಾ 300. ಒಂದು ಗಂಟೆಗೇ ಊಟ ಮುಗಿಸಿ ಸಿದ್ಧ. ಕ್ಯಾಬ್ ಮೊದಲು 640 ತೋರಿಸಿತು. ಒಪ್ಪಿಕೊಂಡವನು "ಕ್ಯಾಶಾ, ಆನ್‌ಲೈನಾ?" ಅಂತ ಕೇಳಿ ರದ್ದು ಮಾಡಿದ. ಎರಡನೆಯವನು ಪೆಟ್ರೋಲ್ ಬಂಕಿನಲ್ಲಿ ನಿಂತವನು ಅಲುಗಲೇ ಇಲ್ಲ. ಅಷ್ಟರಲ್ಲಿ ಮಳೆ ಹನಿಯಿತು, ದರ 985. ಹೆಬ್ಬಾಳ ದಾಟುವಷ್ಟರಲ್ಲಿ ನನ್ನ ರಕ್ತದೊತ್ತಡವೂ ಹೆಚ್ಚುಕಡಿಮೆ ಅಷ್ಟೇ. ಜೆ.ಪಿ. ನಗರ ತಲುಪಿದಾಗ 3.34, ಬಾಗಿಲು ಹಾಕಿತ್ತು. ಅಲ್ಲಿಯ ನಿಯಮ ನನಗೆ ಗೊತ್ತು, ಅದಕ್ಕೆ ತಕರಾರಿಲ್ಲ. ಸಿಟ್ಟು ಇರುವುದು ಬಂಕಿನಲ್ಲಿ ನಿಂತವನ ಮೇಲೆ. ಕೆಳಗೆ ಕ್ಯಾಂಟೀನಿನಲ್ಲಿ ಸಬ್ಬಕ್ಕಿ ವಡೆ ತಿಂದು ಬಂದೆವು. ಟಿಕೆಟ್ ದುಡ್ಡೂ ಸೇರಿಸಿದರೆ ಕರ್ನಾಟಕದಲ್ಲೇ ದುಬಾರಿ ವಡೆ.

ಮೂರನೇ ಬೆಲ್:
ವಡೆ ತಿಂದವರಿಗೆ ಸಂತಾಪ. ಆದರೆ 3.30 ಅಂದರೆ 3.30. 2004ರಲ್ಲಿ ಶುರುವಾದಾಗಿನಿಂದ ಆ ಜಾಗದ ಹೆಸರಿರುವುದೇ ಅದಕ್ಕೆ. ನಾನು ಹವ್ಯಾಸಿ ನಟ. ಬೇರೆ ಊರಿನ ಒಂದು ಸಭಾಂಗಣದಲ್ಲಿ ನಾನು ಹೆಣ ಆಗಿ ಮಲಗಿದ್ದಾಗ ಒಬ್ಬರು ಮೊಬೈಲ್ ಟಾರ್ಚ್ ಹಿಡಿದು ಸೀಟು ಹುಡುಕುತ್ತಾ ನನ್ನ ಮುಖಕ್ಕೇ ಬಿಟ್ಟರು. ಕಣ್ಣು ಮಿಟುಕಿಸಿದೆ. ಇಡೀ ಸಭೆ ನಕ್ಕಿತು. ಯಲಹಂಕದಿಂದ ಬರುವವರು ಮೂರು ಗಂಟೆ ಮುಂಚೆ ಹೊರಡಬೇಕು, ಅಷ್ಟೇ.

ಯಲಹಂಕದಿಂದ:
ಮೂರು ಗಂಟೆಯಲ್ಲಿ ನಾನು ಮೈಸೂರಿಗೇ ಹೋಗುತ್ತೇನೆ. ನಾಟಕ ಅಂದರೆ ದಕ್ಷಿಣ ಬೆಂಗಳೂರಿನವರ ಸೊತ್ತಾ?

ತಿಗಳರಪೇಟೆ:
ನಾಟಕ, ಮಾವು ಅಂತ ಕಿತ್ತಾಡುತ್ತೀರಿ, ಕರಗ ಯಾರಿಗೂ ನೆನಪಾಗಲಿಲ್ಲವಲ್ಲ! ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುವಾಗ ಮಧ್ಯರಾತ್ರಿ ಕಳೆದಿರುತ್ತದೆ. ಮಲ್ಲಿಗೆ ವಾಸನೆ, ಕತ್ತಿ ಹಿಡಿದ ವೀರಕುಮಾರರು, "ಗೋವಿಂದಾ" ಕೂಗು. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಒಂದು ರೂಪಾಯಿ ಟಿಕೆಟ್ ಇಲ್ಲ. ನಮ್ಮ ಮನೆ ಮಹಡಿಗೆ ಆ ರಾತ್ರಿ ನೆಂಟರು ಬಂದು ಬಂದು ಸಿಂಟೆಕ್ಸ್ ಟ್ಯಾಂಕಿನ ಪೈಪೇ ಮುರಿಯಿತು. ಪ್ಲಂಬರ್‌ಗೆ 1,350 ರೂ. ಯಾರೂ ಕೊಡಲಿಲ್ಲ.

ಮೂರನೇ ಬೆಲ್:
ಕರಗ ಚೈತ್ರ ಹುಣ್ಣಿಮೆಗೆ. ಅವರು ಕೇಳಿರುವುದು ಮೇ ಕೊನೆಗೆ. ಪ್ರಶ್ನೆ ಓದುವ ಅಭ್ಯಾಸ ಇದೆಯಾ?

ತಿಗಳರಪೇಟೆ:
ಮುಂದಿನ ವರ್ಷವೂ ನೆಂಟರು ಬರುತ್ತಾರೆ ಸಾರ್. ನೀವು ಹೆಣದ ಪಾತ್ರ ಮುಂದುವರಿಸಿ.

ಕಬ್ಬನ್ ಬೆಂಚು:
ನಾನು ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್, ಅಲ್ಲಿಂದ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ಆಧುನಿಕ ಕಲಾ ಗ್ಯಾಲರಿ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಕ್ಕಳನ್ನು ಹಿಡಿದುಕೊಂಡೇ ಇರಬೇಕಿಲ್ಲ. ಗ್ಯಾಲರಿಗೆ ಸೋಮವಾರ ರಜೆ. ಭಾನುವಾರ ಮೆಟ್ರೊ ಏಳಕ್ಕೆ ಶುರು, ಐದೂವರೆಗೆ ಹೋಗಿ ನಿಲ್ಲಬೇಡಿ. ಆಟೊಗೆ ಕೊಡಬೇಕಿದ್ದ ದುಡ್ಡಿನಲ್ಲಿ ನಾವು ಮೂವರು ಮಸಾಲೆ ದೋಸೆ, ಕಾಫಿ ಮುಗಿಸಿ ಮನೆಗೆ ಬಂದೆವು. ಜಾಸ್ತಿ ಊರು ಸುತ್ತಿದರೆ ಜಾಸ್ತಿ ನೋಡಿದ ಹಾಗಾ?

ಬೆಟ್ಟ ಹತ್ತದವನು:
ಹಸಿರು ಅಂದ ತಕ್ಷಣ ಯಾರಾದರೂ ನಂದಿ ಬೆಟ್ಟ ಅನ್ನುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. ಶನಿವಾರ, 1,478 ಮೀಟರ್ ಎತ್ತರದ ಮೇಲಿಂದ ಸೂರ್ಯೋದಯ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೆ. ಟ್ಯಾಕ್ಸಿ 3,200, ಟೋಲ್ ಬೇರೆ, ಚಾಲಕನಿಗೆ ತಿಂಡಿ 140. ಮೂರಕ್ಕೆ ಎದ್ದೆವು. ಬೆಟ್ಟದ ಬುಡದಲ್ಲೇ ಕಾರುಗಳ ಸಾಲು. ಸೂರ್ಯ ಹುಟ್ಟಿದ್ದನ್ನು ಮುಂದಿನ ಇನ್ನೋವಾದ ಹಿಂದಿನ ಗಾಜಿನಲ್ಲಿ ನೋಡಿದೆವು. ಈಗಲೂ ಮನೆಯಲ್ಲಿ "ಇನ್ನೋವಾ ಸೂರ್ಯ" ಅಂತಲೇ ಹಂಗಿಸುತ್ತಾಳೆ.

ಸಜ್ಜನ್ ರಾವ್ ಸರ್ಕಲ್:
ಸಂಜೆ ವಿ.ವಿ. ಪುರಂ ತಿಂಡಿ ಬೀದಿ ಬಿಟ್ಟು ಎಲ್ಲೆಲ್ಲೋ ಅಲೆಯುತ್ತೀರಿ. ಬಿಸಿ ಹೋಳಿಗೆ, ಪಡ್ಡು, ಕೊನೆಗೆ ಗುಲ್ಕನ್ ಐಸ್‌ಕ್ರೀಮ್. ನಾವು ಆರು ಜನ 870 ರೂಪಾಯಿಗೆ ಹೊಟ್ಟೆ ಬಿರಿಯೆ ತಿಂದೆವು. ಅದರಲ್ಲಿ 180 ರೂ. ಭಾವಮೈದನೊಬ್ಬನದೇ. ಇನ್ನೂ ವಾಪಸ್ ಕೊಟ್ಟಿಲ್ಲ.

ಬನಶಂಕರಿ ಬಾಡಿಗೆಮನೆ:
ಎಲ್ಲರಿಗೂ ಥ್ಯಾಂಕ್ಸ್. ತಿಂಡಿ ಬೀದಿಯಲ್ಲಿ ಕುರ್ಚಿ ಸಿಗುತ್ತದಾ? ಮಂಡಿ ನೋವು ಅಂತ ಹೇಳಿದ್ದೆನಲ್ಲ.

ಸಜ್ಜನ್ ರಾವ್ ಸರ್ಕಲ್:
ನಿಂತು ತಿಂದರೇ ರುಚಿ. ಕೂರಬೇಕಿದ್ದರೆ ಹೋಟೆಲಿಗೆ ಹೋಗಿ, ಬೆಲ್ಲದ ಸಾಂಬಾರ್ ಕುಡಿಯಿರಿ.

ಕೇಶ್ವಾಪುರ:
ಬೆಲ್ಲದ ಸಾಂಬಾರ್ ನೆನಪು ಮಾಡಬೇಡಿ. ಹುಬ್ಬಳ್ಳಿಯವಳು ನಾನು. ಇಲ್ಲಿಗೆ ಬಂದ ಹೊಸತರಲ್ಲಿ ಅದನ್ನು ಪಾಯಸ ಅಂದುಕೊಂಡೆ. ಇನ್ನು ಆ ಮಾವು! ಧಾರವಾಡದ ಆಪೂಸ್ ತಿಂದು ಬೆಳೆದವರಿಗೆ ಲಾಲ್‌ಬಾಗಿನಲ್ಲಿ ಹಣ್ಣು ತೋರಿಸುತ್ತೀರಾ?

ರಸಪುರಿ ಪಾರ್ಟಿ:
ರಸಪುರಿ ಸೀಕರಣೆ ಒಂದು ಬಟ್ಟಲು ಕುಡಿದು ಆಮೇಲೆ ಮಾತಾಡಿ ಮೇಡಂ.

ಗಾಡಿ ಗಿರಾಕಿ:
ಕುಡಿಯುವುದಾದರೆ 80 ರೂಪಾಯಿಯದ್ದೇ ಸಾಕು.

ಕೇಶ್ವಾಪುರ:
ಸೀಕರಣೆಗೆ ಇಲ್ಲಿಯವರು ಹಾಲು ಹಾಕುತ್ತೀರೋ, ಬರೀ ನೀರೋ? ಅದನ್ನು ಮೊದಲು ಹೇಳಿ.