ಡಯಟ್ ಚಾರ್ಟೋ, ತಿಂದದ್ದನ್ನು ಬರೆದಿಡುವುದೋ? ಮಾಡಿ ನೋಡಿದವರು ಹೇಳಿ

ಪ್ರಶ್ನೆ, ಹಾಸನದಿಂದ:
ವಯಸ್ಸು 38, ತೂಕ 74 ಕೆಜಿ. ಶುಗರ್ ಬಾರ್ಡರ್‌ನಲ್ಲಿದೆ, ಮಾತ್ರೆ ಇನ್ನೂ ಶುರುವಾಗಿಲ್ಲ. ತೂಕ ಇಳಿಸಿ ಅಂದಿದ್ದಾರೆ ಡಾಕ್ಟ್ರು. ಏಳು ದಿನದ ಚಾರ್ಟ್ ಕೂಡ ಸಿಕ್ಕಿದೆ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಸೂಪು, ಪನೀರ್. ಮನೆಯಲ್ಲಿ ಅತ್ತೆ, ಮಾವ, ಮಕ್ಕಳು ಎಲ್ಲರಿಗೂ ಮುದ್ದೆ, ಸಾರು. ನನಗೊಬ್ಬಳಿಗೆ ಬೇರೆ ಅಡುಗೆ ಮಾಡಿಕೊಂಡು ಕೂರೋಕೆ ಆಗಲ್ಲ. ಗೆಳತಿ ಒಬ್ಬಳು "ಆಪ್‌ನಲ್ಲಿ ಬರೆದಿಡು, ಕ್ಯಾಲೊರಿ ಲೆಕ್ಕದೊಳಗೆ ಏನು ಬೇಕಾದರೂ ತಿನ್ನು" ಅನ್ನುತ್ತಾಳೆ. ಯಾವುದು ನಡೆಯುತ್ತೆ?

ಅರಸೀಕೆರೆಯಿಂದ:
ಚಾರ್ಟ್‌ನಲ್ಲಿ ತಪ್ಪೇನಿಲ್ಲ. ಅದನ್ನು ಬರೆದವರು ನಿಮ್ಮ ಮನೆಯಲ್ಲಿ ಉಣ್ಣಲ್ಲ, ಅಷ್ಟೇ. ಒಂದೇ ಪಾತ್ರೆಯಲ್ಲಿ ಐದಾರು ಜನಕ್ಕೆ ಬೇಯುವ ಮನೆಯಲ್ಲಿ ಒಬ್ಬರ ಚಾರ್ಟ್ ಬಹಳ ದಿನ ನಿಲ್ಲುವುದಿಲ್ಲ. ನಾನು ಬರೆದಿಡುವ ಕಡೆಯವಳು. ಆದರೆ ಆಪ್ ಹೇಳಿದ್ದನ್ನೆಲ್ಲ ನಂಬಬೇಡಿ. "ರಾಗಿ ಮುದ್ದೆ" ಅಂತ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ ಬರುತ್ತೆ. ಯಾರ ಮನೆ ಮುದ್ದೆ ಅದು?

ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತಗೊಳ್ಳಿ. ನೀರಿಗೆ ಹಾಕುವ ಮುಂಚೆಯೇ ಹಿಟ್ಟು ತೂಗಿ. ನಮ್ಮಲ್ಲಿ ಒಂದು ಮುದ್ದೆಗೆ ಹತ್ತಿರ ಹತ್ತಿರ 100 ಗ್ರಾಂ ಹಿಟ್ಟು ಹೋಗುತ್ತೆ. ಅಷ್ಟು ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಅಷ್ಟೇ ತೂಕದ ಅಕ್ಕಿಯಲ್ಲಿ ಸುಮಾರು 355. ಕ್ಯಾಲೊರಿಯಲ್ಲಿ ಅಂಥ ದೊಡ್ಡ ವ್ಯತ್ಯಾಸವೇನಿಲ್ಲ ನೋಡಿ. ರಾಗಿ ಗೆಲ್ಲುವುದು ನಾರಿನಲ್ಲಿ: 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಂತ "ಮುದ್ದೆ ಅಲ್ವಾ, ಏನಾಗಲ್ಲ" ಅಂದುಕೊಂಡು ಎರಡು ನುಂಗಿ, ಮೇಲೆ ಅನ್ನವನ್ನೂ ಹಾಕಿಕೊಂಡರೆ ತೂಕ ಇಳಿಯಲ್ಲ.

ಬಸ್ಸಾರಿನಲ್ಲಿ ಕಾಳು, ಸೊಪ್ಪಿನ ಬಗ್ಗೆ ಯೋಚನೆ ಬೇಡ. ಲೆಕ್ಕ ಕೆಡಿಸುವುದು ಕಾಯಿ ಮತ್ತು ಒಗ್ಗರಣೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ. ಇಡೀ ಪಾತ್ರೆಗೆ ಎಷ್ಟು ಎಣ್ಣೆ, ಎಷ್ಟು ಕಾಯಿ ಹೋಯಿತು ಅಂತ ಬರೆದುಕೊಂಡು, ಉಣ್ಣುವ ಜನಕ್ಕೆ ಭಾಗ ಮಾಡಿ. ತಕ್ಕಡಿ ನೋಡಿದ ಮೊದಲ ದಿನ ನಮ್ಮತ್ತೆ "ಏನೇ ಇದು, ಚಿನ್ನ ತೂಗ್ತಿದ್ದೀಯಾ?" ಅಂದಿದ್ದರು. ಈಗ ಒಗ್ಗರಣೆಗೆ ಎಣ್ಣೆ ಬಗ್ಗಿಸುವಾಗ ಅವರೇ ಚಮಚ ಕೇಳುತ್ತಾರೆ.

ಕಾಫಿ ಮರೆಯಬೇಡಿ. ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ನಾಲ್ಕು ಲೋಟ ಕುಡಿದರೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ಹಾಲಿನದು ಬೇರೆ. ಚಾರ್ಟ್‌ಗಳಲ್ಲಿ ಈ ನಾಲ್ಕು ಲೋಟ ಎಲ್ಲಿರುತ್ತೆ ಹೇಳಿ? ಬರೆಯೋಕೆ ಕೂತಾಗಲೇ ಅದು ಕಣ್ಣಿಗೆ ಬೀಳುವುದು. ಒಂದೆರಡು ತಿಂಗಳು ಹೀಗೆ ಬರೆದರೆ ಕೈಗೆ ಅಳತೆ ಬರುತ್ತೆ. ಆಮೇಲೆ ತಕ್ಕಡಿ ಬೇಡ, ಸೌಟೇ ಸಾಕು.

ಮೂಡಿಗೆರೆ ಕಡೆಯಿಂದ:
ನಾನು ಚಾರ್ಟ್ ಪಾರ್ಟಿ. ತೋಟದಲ್ಲಿ ಕೆಲಸ, ಒಬ್ಬನೇ ಇರೋದು. ಕೊಯ್ಲು ಶುರುವಾದರೆ ಉಸಿರಾಡೋಕೆ ಪುರುಸೊತ್ತಿಲ್ಲ, ಇನ್ನು ಆಪ್ ತೆಗೆದು ಬರೆಯೋದೆಲ್ಲಿ. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಎರಡು ಮೊಟ್ಟೆ. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ಕಾಳಿನ ಸಾರು, ಪಲ್ಯ. ರಾತ್ರಿಗೂ ಅದೇ, ಅನ್ನ ಅರ್ಧ. ಬೇಜಾರಾಗಲ್ವಾ ಅಂತ ಕೇಳುತ್ತಾರೆ. ಆಗುತ್ತೆ. ಆದರೆ ಒಬ್ಬನೇ ಇರುವವನು ಸಂಜೆ "ಇವತ್ತೇನು ತಿನ್ನೋಣ" ಅಂತ ಯೋಚನೆಗೆ ಕೂತರೆ ಉತ್ತರ ಯಾವಾಗಲೂ ಗೋಬಿ ಮಂಚೂರಿನೇ. ಬೀಗರೂಟದ ದಿನ ಚಾರ್ಟ್‌ಗೆ ರಜಾ. ಮಾರನೇ ದಿನ ಉಪವಾಸ ಗಿಪವಾಸ ಇಲ್ಲ, ಮತ್ತೆ ಅದೇ ರೊಟ್ಟಿ, ಅದೇ ಮೊಟ್ಟೆ.

ಚನ್ನರಾಯಪಟ್ಟಣದಿಂದ:
ನಿಮಗೆ ಮಾತ್ರೆ ಇಲ್ಲ ಅಂದಿರಿ, ಒಳ್ಳೇದು. ನನಗೆ ಗ್ಲಿಮೆಪಿರೈಡ್ ಇದೆ. "ಲೆಕ್ಕ ಸರಿಯಿದ್ದರೆ ಯಾವಾಗ ಬೇಕಾದರೂ ತಿನ್ನಿ" ಅನ್ನೋದು ನಮ್ಮಂಥವರಿಗೆ ಆಗಲ್ಲ. ಮಾತ್ರೆ ನುಂಗಿ ಊಟ ತಪ್ಪಿಸಿದರೆ ಶುಗರ್ ಇಳಿದು ಕೈ ನಡುಗುತ್ತೆ, ಬೆವರು ಕಿತ್ತು ಬರುತ್ತೆ. ಹೊತ್ತಿಗೆ ಸರಿಯಾಗಿ, ಹೆಚ್ಚುಕಮ್ಮಿ ಅಷ್ಟೇ ಊಟ. ಮುಂದೆ ಮಾತ್ರೆಯೋ ಇನ್ಸುಲಿನ್ನೋ ಶುರುವಾದರೆ ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ.

ಚಿಕ್ಕಮಗಳೂರಿನಿಂದ:
ನನ್ನ ಮಗಳಿಗೆ ಬರೆದಿಡುವುದು ಒಗ್ಗಲಿಲ್ಲ. ಒಬ್ಬಟ್ಟಿನ ಎಲೆ ಮುಂದೆ ಕೂತು ಫೋನ್ ನೋಡಿ ಮುಖ ಸಣ್ಣ ಮಾಡಿಕೊಳ್ಳೋಳು. ನಂಬರಿಗೆ ಹೆದರಿ ಊಟ ಬಿಡುವ ಸ್ವಭಾವದವರು ದಯವಿಟ್ಟು ಆ ದಾರಿಗೆ ಹೋಗಬೇಡಿ. ಈಗ ಅವಳು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳುವ ತಟ್ಟೆ ಲೆಕ್ಕ ಮಾತ್ರ ನೋಡುತ್ತಾಳೆ. ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು. ಉಳಿದರ್ಧದಲ್ಲಿ ಅನ್ನ, ರೊಟ್ಟಿ, ಕಾಳು, ಮೊಟ್ಟೆ. ಆಲೂಗಡ್ಡೆ ತರಕಾರಿ ಲೆಕ್ಕಕ್ಕೆ ಬರಲ್ಲ, ಹಾಸನದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಎಲ್ಲರಿಗೂ. ಅರಸೀಕೆರೆ ಅಕ್ಕ, ಪನೀರ್ ಬಿಟ್ಟರೆ ಪ್ರೋಟೀನ್‌ಗೆ ಏನು ಮಾಡಲಿ?

ಅರಸೀಕೆರೆಯಿಂದ:
ಕೆಜಿ ತೂಕಕ್ಕೆ 0.83 ಗ್ರಾಂ ಅಂತ ಲೆಕ್ಕ, ಅಂದರೆ ನಿಮಗೆ 61 ಗ್ರಾಂ ಹತ್ತಿರ. ಒಂದು ಮುದ್ದೆಯಲ್ಲಿ 7, ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಒಣ ಕಾಳಿನಲ್ಲಿ ಮತ್ತೆ 6, 7. ಮೊಸರು, ಹಾಲು ಸೇರಿಸಿಕೊಳ್ಳಿ. ನಮ್ಮ ಹೆಂಗಸರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತೇವಲ್ಲ, ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಬರೀ ತಿಳಿ ಉಳಿದಿರುತ್ತೆ. ನಿಮ್ಮ ಪಾಲಿನ ಕಾಳು ಪಲ್ಯವನ್ನು ಮೊದಲೇ ಒಂದು ಬಟ್ಟಲಿಗೆ ತೆಗೆದಿಡಿ. ಪನೀರ್ ಇಷ್ಟ ಇದ್ದರೆ ತಿನ್ನಿ, ಚಾರ್ಟ್‌ನಲ್ಲಿದೆ ಅಂತ ತಿನ್ನಬೇಡಿ.